ಗಂಟಲಿನ ಕವಲುದಾರಿಯ ಕಾವಲುಗಾರರು

ಒಂದು ಗುಟುಕು ನೀರನ್ನು ಬಾಯಿಗೆ ತೆಗೆದುಕೊಳ್ಳಿ. ಕತ್ತಿನ ಮುಂಭಾಗದ ಗಟ್ಟಿ ಉಬ್ಬಿನ ಮೇಲೆ ಬೆರಳಿಟ್ಟು ನೀರನ್ನು ನುಂಗಿ. ಉಬ್ಬು ಮೇಲಕ್ಕೇರಿ ಮತ್ತೆ ಕೆಳಗಿಳಿಯುವುದು ತಿಳಿಯುತ್ತದೆ. ಅದೇ ಧ್ವನಿಪೆಟ್ಟಿಗೆ. ನುಂಗುವ ಆ ಕ್ಷಣದಲ್ಲಿ ನಿಮ್ಮ ಉಸಿರಾಟ ನಿಂತಿರುತ್ತದೆ. ಗಂಟಲು ಗಾಳಿಗೂ ಆಹಾರಕ್ಕೂ ಒಂದೇ ದಾರಿ; ಅದರ ತಳದಲ್ಲಿ ದಾರಿ ಕವಲೊಡೆಯುತ್ತದೆ. ಮುಂದೆ ಶ್ವಾಸನಾಳ, ಹಿಂದೆ ಅನ್ನನಾಳ. ಆಹಾರ ತಪ್ಪಿ ಮುಂದಿನ ದಾರಿ ಹಿಡಿಯದಂತೆ ನೋಡಿಕೊಳ್ಳುವುದು ನಮ್ಮ ಪ್ರತಿವರ್ತನ ಕ್ರಿಯೆಗಳು.

ಪೂರ್ಣ ಅರಿವಳಿಕೆಯಲ್ಲಿ ಈ ಕಾವಲು ಇರುವುದಿಲ್ಲ. ಸ್ನಾಯುಗಳು ಸಡಿಲಗೊಂಡು ನಾಲಗೆ ಹಿಂದಕ್ಕೆ ಕುಸಿಯುತ್ತದೆ. ಗಾಳಿಯ ದಾರಿ ಕಟ್ಟಿಕೊಳ್ಳುತ್ತದೆ. ಜಠರದಲ್ಲಿರುವುದು ಮೇಲೆ ಬಂದರೆ ಕೆಮ್ಮಿ ಹೊರಹಾಕುವ ಶಕ್ತಿಯೂ ಇರುವುದಿಲ್ಲ. ಹಾಗಾದರೆ ಶಸ್ತ್ರಚಿಕಿತ್ಸೆ ನಡೆಯುವಷ್ಟು ಹೊತ್ತು ರೋಗಿಯ ಉಸಿರನ್ನು ಕಾಯುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆ ಒಂದೂವರೆ ಶತಮಾನಕ್ಕೂ ಹಳೆಯದು.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಈಥರ್ ಅರಿವಳಿಕೆಯನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದನು. 1848ರ ಜನವರಿಯಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಹನ್ನಾ ಗ್ರೀನರ್ ಎಂಬ 15 ವರ್ಷದ ಹುಡುಗಿ, ಕಾಲ್ಬೆರಳ ಉಗುರು ತೆಗೆಸಿಕೊಳ್ಳುವಾಗ ಕ್ಲೋರೋಫಾರಂ ಪ್ರಭಾವದಲ್ಲಿ ಸಾವಿಗೀಡಾದಳು. ಅವಳನ್ನು ಎಚ್ಚರಗೊಳಿಸಲೆಂದು ಬಾಯಿಗೆ ನೀರು ಮತ್ತು ಬ್ರಾಂದಿ ಹಾಕಲಾಗಿತ್ತು. ಹೃದಯ ನಿಂತು ಸತ್ತಳೇ, ಆ ದ್ರವದಿಂದ ಉಸಿರುಕಟ್ಟಿ ಸತ್ತಳೇ ಎಂಬ ಚರ್ಚೆ ಅಂದೇ ಆರಂಭವಾಯಿತು.

1878ರಲ್ಲಿ ಗ್ಲಾಸ್ಗೋದ ವಿಲಿಯಂ ಮೆಕೀವನ್ ಬಾಯಿಯ ಮೂಲಕ ಶ್ವಾಸನಾಳದೊಳಕ್ಕೇ ಕೊಳವೆ ಇಳಿಸಿ ಅರಿವಳಿಕೆ ಕೊಡಿಸಿದನು. ಮೊದಲ ಮಹಾಯುದ್ಧದ ನಂತರ, ಮುಖಕ್ಕೆ ಗಾಯವಾದ ಸೈನಿಕರ ಶಸ್ತ್ರಚಿಕಿತ್ಸೆಗಾಗಿ ಐವನ್ ಮೆಗಿಲ್ ಮತ್ತು ಸ್ಟ್ಯಾನ್ಲಿ ರೋಬೋಥಮ್ ಈ ವಿಧಾನವನ್ನು ಬೆಳೆಸಿದರು. ಕೊಳವೆಯ ಸುತ್ತ ಉಬ್ಬಿಸಬಹುದಾದ ಪಟ್ಟಿ ಬಂದ ಮೇಲೆ ಶ್ವಾಸನಾಳ ಭದ್ರವಾಯಿತು. 1942ರಲ್ಲಿ ಸ್ನಾಯುಗಳನ್ನು ಸಡಿಲಿಸುವ ಕ್ಯುರಾರೆ ಅರಿವಳಿಕೆಯಲ್ಲಿ ಬಳಕೆಗೆ ಬಂದು ಕೊಳವೆ ತೂರಿಸುವುದು ಸುಲಭವಾಯಿತು.

ಹೀಗೆ ವೈದ್ಯರ ಮುಂದೆ ಮುಖ್ಯವಾಗಿ ಎರಡು ದಾರಿಗಳಿದ್ದವು. ಒಂದು, ಮೂಗು ಬಾಯಿಗಳನ್ನು ಮುಚ್ಚುವ ಮುಖಗವುಸು. ಇದು ಸರಳ, ಆದರೆ ಗದ್ದವನ್ನು ಎತ್ತಿ ಹಿಡಿದ ಕೈಯನ್ನು ಬಿಡುವಂತಿಲ್ಲ. ಇನ್ನೊಂದು, ಶ್ವಾಸನಾಳದ ಕೊಳವೆ. ಇದು ಭದ್ರ, ಆದರೆ ತೂರಿಸುವಾಗ ರಕ್ತದೊತ್ತಡ ಏರಬಹುದು, ಗಂಟಲಿಗೆ ಪೆಟ್ಟಾಗಬಹುದು. ತಿಳಿಯದೆ ಅನ್ನನಾಳಕ್ಕೆ ಹೋದರೆ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಆಮ್ಲಜನಕದ ಕೊರತೆಯಾಗುತ್ತದೆ.

ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ ಎಂದು ಕಂಡವರು ಬ್ರಿಟನ್ನಿನ ಅರಿವಳಿಕೆ ತಜ್ಞ ಆರ್ಚಿ ಬ್ರೇನ್. ಮುಖದ ಮೇಲಿಡುವ ಗವುಸನ್ನು ಧ್ವನಿಪೆಟ್ಟಿಗೆಯ ಬಾಯಿಗೇ ಏಕೆ ಇಡಬಾರದು ಎಂಬುದು ಅವರ ಯೋಚನೆ. ಶವಗಳ ಗಂಟಲಿನ ಅಚ್ಚು ತೆಗೆದು ಆಕಾರವನ್ನು ಅಭ್ಯಸಿಸಿದರು. ದಂತಚಿಕಿತ್ಸೆಯಲ್ಲಿ ಮೂಗಿಗೆ ಇಡುತ್ತಿದ್ದ ಗೋಲ್ಡ್‌ಮನ್ ಮಾಸ್ಕಿನ ರಬ್ಬರು ಪಟ್ಟಿಯನ್ನು, ಓರೆಯಾಗಿ ಕತ್ತರಿಸಿದ ಕೊಳವೆಗೆ ಅಂಟಿಸಿ ಮೊದಲ ಮಾದರಿ ತಯಾರಿಸಿದರು. 1981ರಲ್ಲಿ ಅದನ್ನು ಮೊದಲ ಬಾರಿಗೆ ರೋಗಿಯಲ್ಲಿ ಬಳಸಿ, 1983ರಲ್ಲಿ 23 ರೋಗಿಗಳ ಅನುಭವವನ್ನು ಪ್ರಕಟಿಸಿದರು. ಅನೇಕ ಮಾದರಿಗಳ ಬಳಿಕ, 1988ರಲ್ಲಿ ಸಿಲಿಕೋನಿನ ಲ್ಯಾರಿಂಜಿಯಲ್ ಮಾಸ್ಕ್ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂತು. ಧ್ವನಿದ್ವಾರದ ಮೇಲ್ಭಾಗದಲ್ಲೇ ಕೂರುವ ಇಂಥ ಸಾಧನಗಳನ್ನು ಸುಪ್ರಾಗ್ಲಾಟಿಕ್ ಸಾಧನಗಳು ಎನ್ನುತ್ತಾರೆ.

ಇವುಗಳನ್ನು ಹೋಲಿಸುವುದು ಹೇಗೆ? ಎರಡು ಪ್ರಶ್ನೆಗಳನ್ನು ಕೇಳಿ. ಮೊದಲನೆಯದು, ಎಷ್ಟು ಒತ್ತಡದವರೆಗೆ ಗಾಳಿ ಸೋರುವುದಿಲ್ಲ? ಬ್ರೇನ್ ಅವರ ಮೊದಲ ಮಾಸ್ಕಿನಲ್ಲಿ ಇದು ಸುಮಾರು 20 ಸೆಂಟಿಮೀಟರ್ ನೀರಿನ ಸ್ತಂಭದಷ್ಟು. ಅದಕ್ಕಿಂತ ಹೆಚ್ಚು ಒತ್ತಡದಿಂದ ಗಾಳಿ ತಳ್ಳಿದರೆ ಅಂಚಿನಿಂದ ಸೋರುತ್ತದೆ. ಒಂದಿಷ್ಟು ಜಠರಕ್ಕೂ ಹೋಗಬಹುದು. ಎರಡನೆಯದು, ಜಠರದಿಂದ ಮೇಲೆ ಬಂದ ದ್ರವಕ್ಕೆ ಬೇರೆ ದಾರಿ ಇದೆಯೇ? ಮೊದಲ ಮಾಸ್ಕಿನಲ್ಲಿ ಇರಲಿಲ್ಲ.

ಈ ಎರಡಕ್ಕೂ ಉತ್ತರವಾಗಿ ಬ್ರೇನ್ ಅವರೇ 2000ದಲ್ಲಿ ಪ್ರೊಸೀಲ್ ಎಂಬ ಸಾಧನವನ್ನು ತಂದರು. ಇದರಲ್ಲಿ ಗಾಳಿಯ ಕೊಳವೆಯ ಪಕ್ಕದಲ್ಲಿ ಅನ್ನನಾಳದ ಬಾಯಿಗೆ ತೆರೆದುಕೊಳ್ಳುವ ಇನ್ನೊಂದು ಕೊಳವೆಯಿದೆ; ಅದರ ಮೂಲಕ ಜಠರದ ದ್ರವ ಹೊರಬರಬಲ್ಲದು. ಸೋರಿಕೆಯ ಒತ್ತಡವೂ ಸುಮಾರು 30 ಸೆಂಟಿಮೀಟರಿಗೆ ಏರಿತು. 2007ರಲ್ಲಿ ಬಂದ ಐ-ಜೆಲ್, ಮೃದುವಾದ ಪ್ಲಾಸ್ಟಿಕ್ಕಿನ ಅಚ್ಚು. ಇದನ್ನು ಗಾಳಿ ತುಂಬಿ ಉಬ್ಬಿಸಬೇಕಿಲ್ಲವಾದ್ದರಿಂದ ಬೇಗ ಕೂರಿಸಬಹುದು. ಜಠರದ ದಾರಿಯುಳ್ಳ ಇವೆಲ್ಲ ಎರಡನೆಯ ಪೀಳಿಗೆಯ ಸಾಧನಗಳು.

ಈ ವ್ಯತ್ಯಾಸ ಎಷ್ಟು ಮುಖ್ಯ ಎಂಬುದು 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ರಾಷ್ಟ್ರೀಯ ಸಮೀಕ್ಷೆಯಿಂದ ತಿಳಿಯಿತು. ಅಲ್ಲಿ ವರ್ಷಕ್ಕೆ ಸುಮಾರು 29 ಲಕ್ಷ ಪೂರ್ಣ ಅರಿವಳಿಕೆಗಳಲ್ಲಿ ಶೇಕಡ 56ರಷ್ಟು ಸುಪ್ರಾಗ್ಲಾಟಿಕ್ ಸಾಧನಗಳಿಂದಲೇ ನಡೆಯುತ್ತಿದ್ದವು. ಉಸಿರುದಾರಿಯ ತೊಂದರೆಯಿಂದ ಅರಿವಳಿಕೆಯ ವೇಳೆ ಆದ ಸಾವುಗಳು ವಿರಳ. ಆದರೆ ಅವುಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಜಠರದ ದ್ರವ ಶ್ವಾಸಕೋಶಕ್ಕೆ ಹೋದದ್ದು. ಎಲ್ಲ ಆಸ್ಪತ್ರೆಗಳಲ್ಲೂ ಎರಡನೆಯ ಪೀಳಿಗೆಯ ಸಾಧನಗಳು ಇರಬೇಕೆಂದು ವರದಿ ಶಿಫಾರಸು ಮಾಡಿತು.

ಹಾಗೆಂದು ಹೊಸ ಸಾಧನ ಕೊಳವೆಯ ಜಾಗವನ್ನು ಪೂರ್ತಿ ಆಕ್ರಮಿಸಿತೆಂದು ತಿಳಿಯಬೇಡಿ. ಕರುಳು ಕಟ್ಟಿಕೊಂಡ ರೋಗಿಗೆ, ಊಟವಾದ ಕೂಡಲೇ ಅಪಘಾತಕ್ಕೀಡಾದವರಿಗೆ ಶ್ವಾಸನಾಳದ ಕೊಳವೆಯೇ ಹೆಚ್ಚು ಸುರಕ್ಷಿತ. ಅದೇ ಕೊಳವೆ ತೂರಿಸಲು ಸಾಧ್ಯವಾಗದಿದ್ದಾಗ ಜೀವ ಉಳಿಸುವುದು ಈ ಮಾಸ್ಕು. ಹೃದಯ ನಿಂತವರಿಗೆ ಆಸ್ಪತ್ರೆಯ ಹೊರಗೆ ಐ-ಜೆಲ್ ಹಾಗೂ ಕೊಳವೆಗಳನ್ನು ಬಳಸಿ ನಡೆಸಿದ, 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 9,000ಕ್ಕೂ ಹೆಚ್ಚು ರೋಗಿಗಳಿದ್ದರು. 30 ದಿನಗಳ ನಂತರದ ಚೇತರಿಕೆಯಲ್ಲಿ ಎರಡಕ್ಕೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಉತ್ತಮ ಸಾಧನ ಯಾವುದೆಂಬ ಪ್ರಶ್ನೆಗೆ, ಯಾವ ರೋಗಿಗೆ, ಯಾವ ಸಂದರ್ಭದಲ್ಲಿ ಎಂಬ ಮರುಪ್ರಶ್ನೆಯೇ ಉತ್ತರ.

ಒಂದು ಮಾತನ್ನು ನಿಮ್ಮ ತರಗತಿಯಲ್ಲೂ ಮನೆಯಲ್ಲೂ ತಿಳಿಸಿ. ಶಸ್ತ್ರಚಿಕಿತ್ಸೆಗೆ ಮುನ್ನ ಏನನ್ನೂ ತಿನ್ನಬಾರದೆಂದು ವೈದ್ಯರು ಹೇಳುವುದು ಬರಿಯ ಕಟ್ಟಳೆಯಲ್ಲ. ಸಾಮಾನ್ಯವಾಗಿ ಘನ ಆಹಾರಕ್ಕೆ ಕನಿಷ್ಠ 6 ಗಂಟೆ, ತಿಳಿನೀರಿಗೆ 2 ಗಂಟೆಗಳ ಅಂತರವಿರಬೇಕು. ಹಸಿದಿದ್ದಾನೆಂದು ಮರುಕಪಟ್ಟು ರೋಗಿಗೆ ಗುಟ್ಟಾಗಿ ಕೊಟ್ಟ ಎರಡು ಇಡ್ಲಿ, ಅತ್ಯುತ್ತಮ ಸಾಧನದ ರಕ್ಷಣೆಯನ್ನೂ ಮೀರಿ ಪ್ರಾಣಕ್ಕೆ ಎರವಾಗಬಹುದು. ತಿಂದಿದ್ದರೆ ಮುಚ್ಚಿಡದೆ ಅರಿವಳಿಕೆ ತಜ್ಞರಿಗೆ ಹೇಳಬೇಕು. ಯಾವ ಸಾಧನವನ್ನು ಆರಿಸಬೇಕೆಂಬ ಅವರ ನಿರ್ಧಾರ ಆ ಒಂದು ಮಾತನ್ನು ಅವಲಂಬಿಸಿರುತ್ತದೆ.