ಒಂದು ಸೂಕ್ಷ್ಮದರ್ಶಕ, ಹಲವು ಕೈಗಳು: ವಯನಾಡಿನ ಬೆಟ್ಟಗಳಿಂದ ಒಂದಿಷ್ಟು ಚರಿತ್ರೆ

ನಮ್ಮ ಕನ್ನಡ ಮಾಧ್ಯಮ ಶಾಲೆಗಳ ವಿಜ್ಞಾನ ಪ್ರಯೋಗಾಲಯದ ಗೋಡೆಯಲ್ಲಿ ಸಾಮಾನ್ಯವಾಗಿ ನಿಯಮಗಳ ಒಂದು ಪಟ್ಟಿ ತೂಗುತ್ತಿರುತ್ತದೆ. ಸೂಕ್ಷ್ಮದರ್ಶಕವನ್ನು ಎರಡೂ ಕೈಗಳಿಂದ ಎತ್ತಿ, ಮಸೂರವನ್ನು ಬೆರಳಿನಿಂದ ಮುಟ್ಟಬೇಡಿ, ಕೆಲಸ ಮುಗಿದ ಮೇಲೆ ಒರೆಸಿ ಮುಚ್ಚಿಡಿ... ಇವು ಮೇಷ್ಟ್ರುಗಳ ಕಿರಿಕಿರಿ ಎಂದು ಮಕ್ಕಳಿಗೆ ಅನ್ನಿಸುವುದು ಸಹಜ. ಆದರೆ ಈ ನಿಯಮಗಳ ಹಿಂದೆ ಜ್ವರವಿದೆ, ಕೆಮ್ಮು ಇದೆ, ರಕ್ತವಿದೆ. ಅದನ್ನು ತಿಳಿಯಲು ನಮ್ಮದೇ ರಾಜ್ಯದ ವಯನಾಡಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ವಯನಾಡು ಜಿಲ್ಲೆಯಾದದ್ದು 1980ರ ನವೆಂಬರ್ 1ರಂದು. ಅದಕ್ಕೂ ಬಹಳ ಮುಂಚೆ ಮದ್ರಾಸ್ ಪ್ರಾಂತ್ಯದ ಮಲಬಾರಿಗೆ ಸೇರಿದ್ದ ಕಾಲದಲ್ಲೇ ಈ ಬೆಟ್ಟನಾಡಿಗೆ ಎರಡು ಹೆಸರುಗಳಿದ್ದವು. ಒಂದು ಕಾಫಿಗೆ, ಇನ್ನೊಂದು ಮಲೇರಿಯಾಕ್ಕೆ. 1880ರ ಸುಮಾರಿಗೆ ಇಲ್ಲಿ ಚಿನ್ನ ಸಿಗುತ್ತದೆಂದು ಲಂಡನ್ನಿನ ಕಂಪೆನಿಗಳು ಮುಗಿಬಿದ್ದವು. ಚಿನ್ನ ಹೇಳಿಕೊಳ್ಳುವಷ್ಟು ಸಿಗಲಿಲ್ಲ, ಜ್ವರ ಮಾತ್ರ ಬೇಕಾದಷ್ಟು ಸಿಕ್ಕಿತು. ಬೆಟ್ಟದ ಮೂಲನಿವಾಸಿಗಳಾದ ಪಣಿಯರು, ಕುರುಮರು, ಕುರಿಚ್ಯರು, ಕಾಟುನಾಯಕರು ತಲೆಮಾರುಗಳಿಂದ ಈ ಜ್ವರದ ನಡುವೆಯೇ ಬದುಕಿದವರು. ಅಂದ ಹಾಗೆ, ಕಾಟುನಾಯಕರ ಮಾತು ನಮ್ಮ ಕನ್ನಡಕ್ಕೆ ತೀರಾ ಹತ್ತಿರದ್ದು.

ಮಲೇರಿಯಾದ ರೋಗಾಣುವನ್ನು ಮನುಷ್ಯನ ರಕ್ತದಲ್ಲಿ ಮೊದಲು ಕಂಡವರು ಫ್ರೆಂಚ್ ಸೇನಾ ವೈದ್ಯ ಲ್ಯಾವರಾನ್, 1880ರಲ್ಲಿ, ಅಲ್ಜೀರಿಯಾದಲ್ಲಿ. ಅದು ಸೊಳ್ಳೆಯೊಳಗೆ ಬೆಳೆಯುತ್ತದೆಂದು ತೋರಿಸಿದವರು ರೊನಾಲ್ಡ್ ರಾಸ್. ರಾಸ್ 1895ರಲ್ಲಿ ಕಾಲರಾ ನಿಯಂತ್ರಣದ ಕೆಲಸಕ್ಕೆ ಬೆಂಗಳೂರಿಗೆ ಬಂದವರು. 1897ರಲ್ಲಿ ರಜೆಯ ಮೇಲೆ ಊಟಿಗೆ ಹೋದಾಗ ಸೀಗೂರು ಘಾಟಿಯಲ್ಲಿ ಮಲೇರಿಯಾವನ್ನು ಹುಡುಕುತ್ತಾ ತಾವೇ ಮಲೇರಿಯಾ ಹಿಡಿಸಿಕೊಂಡರು. ಅದು ವಯನಾಡಿನ ಪಕ್ಕದ ಬೆಟ್ಟವೇ. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಆ ಕಪ್ಪು ಚುಕ್ಕೆಗಳ ಕಣಗಳನ್ನು ಕಂಡರು. ಆ ದಿನಗಳ ಅವರ ಯಂತ್ರದ ಸ್ಥಿತಿ ನೋಡಿ: ಹಣೆಯ ಬೆವರು ಬಿದ್ದು ಬಿದ್ದು ತಿರುಪುಗಳು ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ಒಂದು ಕಣ್ಮಸೂರವೂ ಸೀಳಿತ್ತು. ಪಂಖ ಬೀಸಿದರೆ ಸೀಳಿಟ್ಟ ಸೊಳ್ಳೆ ಹಾರಿಹೋಗುತ್ತದೆಂದು ಸೆಖೆಯಲ್ಲೇ ಕೂತಿದ್ದರು.

ಆದರೆ ಅದು ರಾಸ್ ಒಬ್ಬರೇ ಬಳಸುತ್ತಿದ್ದ ಯಂತ್ರ. ಕೆಟ್ಟರೆ ನಷ್ಟ ಅವರಿಗೇ. ಒಂದೇ ಸೂಕ್ಷ್ಮದರ್ಶಕದಲ್ಲಿ ಊರಿಗೆ ಊರಿನ ರಕ್ತವನ್ನೆಲ್ಲ ನೋಡಬೇಕಾದ ಕಾಲ ಬಂದಾಗ ಕಥೆ ಬೇರೆಯಾಯಿತು.

1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, 1958ರಲ್ಲಿ ಅದು ನಿರ್ಮೂಲನಾ ಕಾರ್ಯಕ್ರಮವಾಯಿತು. ಹದಿನೈದು ದಿನಕ್ಕೊಮ್ಮೆ ಕಾರ್ಯಕರ್ತ ಮನೆ ಮನೆಗೆ ಬಂದು ಜ್ವರ ಇದ್ದವರ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಂಡು ಹೋಗುತ್ತಿದ್ದರು. ನಮ್ಮ ಅಜ್ಜ ಅಜ್ಜಿಯರಿಗೆ ಗೋಡೆಯ ಮೇಲೆ ದಿನಾಂಕ ಬರೆದು ಹೋಗುತ್ತಿದ್ದ 'ಮಲೇರಿಯಾದವರು' ಚೆನ್ನಾಗಿ ನೆನಪಿರುತ್ತಾರೆ. ಒಂದೇ ಸೂಜಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಮುಂದಿನವರಿಗೆ ಚುಚ್ಚುವ ಪದ್ಧತಿ ಆಗ ಇತ್ತು. ಒಬ್ಬರಿಗೆ ಒಂದೇ ಲ್ಯಾನ್ಸೆಟ್, ಬಳಸಿ ಎಸೆಯುವುದು ಎಂಬ ಪದ್ಧತಿ ಆಮೇಲೆ ಬಂದದ್ದು; ಹೆಪಟೈಟಿಸ್ ಬಿ, ಎಚ್‌ಐವಿ ರಕ್ತದ ಮೂಲಕ ಹರಡುತ್ತವೆಂದು ತಿಳಿದ ಮೇಲೆ ಅದು ಎಲ್ಲೆಡೆ ಗಟ್ಟಿಯಾಯಿತು. ಶಾಲೆಯ ಪ್ರಯೋಗಾಲಯದಲ್ಲಿ ಒಂದೇ ಸೂಜಿಯಿಂದ ಹತ್ತು ಮಕ್ಕಳ ಬೆರಳು ಚುಚ್ಚಿ ರಕ್ತದ ಗುಂಪು ನೋಡುವುದನ್ನು ಯಾರಾದರೂ ಇನ್ನೂ ಮಾಡುತ್ತಿದ್ದರೆ ಇವತ್ತೇ ನಿಲ್ಲಿಸಬೇಕು. ಜೀವಕೋಶ ತೋರಿಸಲು ಈರುಳ್ಳಿ ಸಿಪ್ಪೆ ಧಾರಾಳ ಸಾಕು.

ಆ ಗಾಜಿನ ಪಟ್ಟಿಗಳು ಪ್ರಯೋಗಾಲಯಕ್ಕೆ ಬಂದ ಮೇಲೆ ಏನಾಗುತ್ತಿತ್ತು? ಬಣ್ಣ ಹಾಕಿ, ಎಣ್ಣೆಯ ಹನಿ ಬಿಟ್ಟು, ನೂರು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಕನಿಷ್ಠ ನೂರು ಕ್ಷೇತ್ರಗಳನ್ನು ನೋಡಿದ ಮೇಲಷ್ಟೇ 'ನೆಗೆಟಿವ್' ಎಂದು ಬರೆಯಬಹುದು. ಮಸೂರದಲ್ಲಿ ಹಿಂದಿನವರು ಬಿಟ್ಟುಹೋದ ಎಣ್ಣೆ ಒಣಗಿ ಅಂಟಾಗಿದ್ದರೆ ರೋಗಾಣು ಮಸುಕಾಗುತ್ತದೆ, ಬಣ್ಣದ ಕಸ ರೋಗಾಣುವಿನ ಹಾಗೆ ಕಾಣುತ್ತದೆ. ಜ್ವರದವನಿಗೆ ಜ್ವರವಿಲ್ಲ ಎಂಬ ಚೀಟಿ ಹೋಗುತ್ತದೆ! ಕೇರಳ 1965ರಲ್ಲಿ ಸ್ಥಳೀಯ ಮಲೇರಿಯಾದಿಂದ ಮುಕ್ತವಾಯಿತು. ಡಿಡಿಟಿಗೆ ಅದರ ಕೀರ್ತಿ ಸಿಕ್ಕಿದೆ. ಮಸೂರ ಒರೆಸಿಟ್ಟು ಮನೆಗೆ ಹೋದ ತಂತ್ರಜ್ಞರ ಹೆಸರು ಎಲ್ಲೂ ಇಲ್ಲ.

ಕ್ಷಯರೋಗದ ಕಫ ಪರೀಕ್ಷೆಯಲ್ಲಿ ಈ ಎಣ್ಣೆಯ ಸಂಗತಿ ಇನ್ನೂ ಸೂಕ್ಷ್ಮ. ಪರಿಷ್ಕೃತ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದಲ್ಲಿ ಬಯಲು ಸೀಮೆಯ ಒಂದು ಲಕ್ಷ ಜನಕ್ಕೆ ಒಂದು ಸೂಕ್ಷ್ಮದರ್ಶಕ ಕೇಂದ್ರವಾದರೆ, ಬುಡಕಟ್ಟು ಮತ್ತು ಬೆಟ್ಟ ಪ್ರದೇಶಗಳಲ್ಲಿ 50 ಸಾವಿರಕ್ಕೆ ಒಂದು ಎಂದು ಲೆಕ್ಕ ಹಾಕಲಾಗಿತ್ತು. ಅಂದರೂ ಒಂದು ಯಂತ್ರಕ್ಕೆ 50 ಸಾವಿರ ಜನ! ಅಲ್ಲಿನ ಕಟ್ಟುನಿಟ್ಟಿನ ನಿಯಮ: ಎಣ್ಣೆಯ ಕಡ್ಡಿ ಗಾಜಿಗೆ ತಾಗಬಾರದು, ಹನಿ ಮೇಲಿಂದ ಬೀಳಬೇಕು. ತಾಗಿದರೆ ಒಬ್ಬರ ಕಫದ ರೋಗಾಣು ಎಣ್ಣೆ ಬಾಟಲಿಗೆ ಇಳಿದು ಮುಂದಿನವರ ಗಾಜಿನ ಮೇಲೆ ಕಾಣಿಸಿಕೊಳ್ಳುತ್ತದೆ. ರೋಗವೇ ಇಲ್ಲದವರು ಆರು ತಿಂಗಳು ಮದ್ದು ನುಂಗಬೇಕಾಗುತ್ತದೆ.

ಇನ್ನು ವಯನಾಡಿನ ಮಳೆ. ಜೂನ್ ಬಂತೆಂದರೆ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುವ ಊರಲ್ಲಿ ಮಸೂರ ಬಿಟ್ಟೀತೇ? ಗಾಜಿನ ಮೇಲೆ ಜೇಡರ ಬಲೆಯಂತೆ ಹಬ್ಬುವ ಈ ಬೂಷ್ಟು ಮಸೂರದ ಲೇಪನವನ್ನೇ ತಿನ್ನುತ್ತದೆ, ಆಮೇಲೆ ಎಷ್ಟು ಒರೆಸಿದರೂ ಗುರುತು ಹೋಗದು. ಇದಕ್ಕೆ ಹಳಬರು ಕಂಡುಕೊಂಡ ಉಪಾಯ ಸರಳ: ಮರದ ಕಪಾಟಿನೊಳಗೆ ಒಂದು ಸಣ್ಣ ಬಲ್ಬು ಸದಾ ಉರಿಯುತ್ತಿರಬೇಕು. ಕರೆಂಟಿಲ್ಲದ ಕಡೆ ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಇಡುವುದು. ನಮ್ಮ ಕಾಸರಗೋಡಿನ ಮಳೆಗೂ ಇದು ಹೊಂದುತ್ತದೆ. ಬಲ್ಬಿನ ಶಾಖ ದಂಡ ಎಂದು ಯಾರಾದರೂ ಸ್ವಿಚ್ ಆರಿಸಿದರೆ ಮುಂದಿನ ವರ್ಷದ ಮಕ್ಕಳಿಗೆ ಮಂಜು ಮಾತ್ರ ಕಾಣುತ್ತದೆ. ಇನ್ನೊಂದು ಮಾತು: ಕೆಂಗಣ್ಣು ಬಂದವರು ಗುಣವಾಗುವವರೆಗೆ ಕಣ್ಮಸೂರಕ್ಕೆ ಕಣ್ಣಿಡಬಾರದು. ಒಬ್ಬರಿಂದ ಇಡೀ ತರಗತಿಗೆ ಹಬ್ಬಲು ಅಷ್ಟು ಸಾಕು.

ಮಲೇರಿಯಾ ಹೋಯಿತು, ಆದರೆ ಅದು ರಕ್ತದಲ್ಲೇ ಒಂದು ಗುರುತು ಬಿಟ್ಟು ಹೋಗಿತ್ತು. 1904ರಲ್ಲಿ ಶಿಕಾಗೋ ಆಸ್ಪತ್ರೆಯ ಒಬ್ಬ ಕಿರಿಯ ವೈದ್ಯರು ರೋಗಿಯೊಬ್ಬರ ರಕ್ತದಲ್ಲಿ ಕುಡುಗೋಲಿನ ಆಕಾರದ ಕಣಗಳನ್ನು ಕಂಡರು. ಅವರ ಮೇಲಿನ ವೈದ್ಯ ಹೆರಿಕ್ 1910ರಲ್ಲಿ ಅದನ್ನು ಪ್ರಕಟಿಸಿದರು. 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ನೀಲಗಿರಿಯ ಬೆಟ್ಟದ ಸಮುದಾಯಗಳಲ್ಲಿ ಅದೇ ಗುಣವಿದೆಯೆಂದು ತೋರಿಸಿದರು. 1954ರಲ್ಲಿ ಆಂಥೊನಿ ಆಲಿಸನ್ ಒಗಟು ಬಿಡಿಸಿದರು: ಈ ಗುಣವನ್ನು ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಪಡೆದವರಿಗೆ ಮಲೇರಿಯಾದ ಹೊಡೆತ ಕಡಿಮೆ. ಇಬ್ಬರಿಂದಲೂ ಪಡೆದವರಿಗೆ ಮಾತ್ರ ಕಾಯಿಲೆ, ಕೈಕಾಲು ಮುರಿಯುವಂಥ ನೋವು. ಮಲಯಾಳದಲ್ಲಿ ಇದಕ್ಕೆ 'ಅರಿವಾಳ್ ರೋಗಂ' ಎಂದೇ ಹೆಸರು. ಅರಿವಾಳ್ ಎಂದರೆ ಕುಡುಗೋಲು. ವಯನಾಡಿನ ಬುಡಕಟ್ಟುಗಳಲ್ಲೂ ವಯನಾಡನ್ ಚೆಟ್ಟಿ ಸಮುದಾಯದಲ್ಲೂ ಇದು ಇವತ್ತಿಗೂ ಇದೆ.

ಇದರ ಹಳೆಯ ಪರೀಕ್ಷೆ ಸೂಕ್ಷ್ಮದರ್ಶಕದ್ದೇ. ರಕ್ತದ ಹನಿಗೆ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ಬೆರೆಸಿ, ಮೇಲೆ ತೆಳುಗಾಜು ಮುಚ್ಚಿ, ಅಂಚಿಗೆ ವ್ಯಾಸಲಿನ್ ಹಚ್ಚಿ ಗಾಳಿ ತಡೆಯುವುದು. ಆಮ್ಲಜನಕ ಕಡಿಮೆಯಾದಾಗ ಕಣಗಳು ಕುಡುಗೋಲಾಗುತ್ತವೆ. ದ್ರಾವಣ ಅಂದಂದೇ ಮಾಡಿದ್ದಾಗಿರಬೇಕು. ಬೆಳಿಗ್ಗೆ ಬಂದವರು ನಿನ್ನೆಯ ಬಾಟಲಿಯನ್ನೇ ಬಳಸಿದರೆ ಇರುವ ರೋಗವೂ ಇಲ್ಲವೆಂದು ಬರುತ್ತದೆ. ಈ ಪರೀಕ್ಷೆಗೆ ವಾಹಕರು ಯಾರು, ರೋಗಿ ಯಾರು ಎಂದು ಬೇರ್ಪಡಿಸಲೂ ಬಾರದು. ಅದಕ್ಕೆ ಎಲೆಕ್ಟ್ರೊಫೊರೆಸಿಸ್ ಅಥವಾ ಎಚ್‌ಪಿಎಲ್‌ಸಿ ಬೇಕು. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ.

ಇಲ್ಲಿ ನಮಗೆ ಮುಖ್ಯವೆನಿಸುವುದು ಗಾಜಿಗಿಂತ ಬಾಯಿಯ ವಿಷಯ. ಒಂದೇ ಕೋಣೆಯಲ್ಲಿ ನಾಲ್ಕು ಜನ ಕೆಲಸ ಮಾಡುವಾಗ, ಹೊರಗೆ ಬೆಂಚಿನ ಮೇಲೆ ಊರವರು ಕೂತಿರುವಾಗ, 'ಇಂಥವರ ಮಗಳದ್ದು ಪಾಸಿಟಿವ್' ಎಂದು ಕೂಗಿ ಹೇಳಿದರೆ ಆ ಹುಡುಗಿಯ ಮದುವೆ ಮಾತು ಅಲ್ಲಿಗೇ ನಿಲ್ಲಬಹುದು. ವಾಹಕಳಾದ ಮಾತ್ರಕ್ಕೆ ಅವಳಿಗೆ ಕಾಯಿಲೆಯಿಲ್ಲ; ವಾಹಕರಿಬ್ಬರು ಮದುವೆಯಾದರೆ ಪ್ರತಿ ಮಗುವಿಗೆ ನಾಲ್ಕರಲ್ಲಿ ಒಂದು ಪಾಲು ಅಪಾಯ, ಅಷ್ಟೇ. ಇದನ್ನು ಬಿಡಿಸಿ ಹೇಳಲು ಬೇರೆ ಕೋಣೆ, ಬೇರೆ ಸಮಯ ಬೇಕು. ಗಾಜಿನ ಮೇಲೆ ಹೆಸರಿನ ಬದಲು ನಂಬರ್ ಬರೆಯುವುದರ ಅರ್ಥ ಇದು.

ಕೊನೆಗೆ ಕಣ್ಣಿಗೂ ಕಾಣದ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದ ಒಂದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ, 2014-15ರಲ್ಲಿ ವಯನಾಡಿನ ಪುಲ್ಪಳ್ಳಿ ಕಡೆ ಉಲ್ಬಣಿಸಿ ಸಾವುಗಳಾದವು. ಈ ವೈರಾಣುವಿನ ಮೇಲೆ ಪುಣೆಯಲ್ಲಿ ಸಂಶೋಧನೆ ನಡೆಸುತ್ತಿದ್ದ ಕಾಲದಲ್ಲಿ ಪ್ರಯೋಗಾಲಯದ ಕೆಲಸಗಾರರಿಗೇ ರೋಗ ತಗಲಿತ್ತು. ಇಂಥ ವೈರಾಣುಗಳಿಗಾಗಿ ಅತಿ ಹೆಚ್ಚಿನ ಸುರಕ್ಷತೆಯ ನಾಲ್ಕನೇ ಹಂತದ ಪ್ರಯೋಗಾಲಯ ಅಲ್ಲಿ ತೆರೆದದ್ದು 2012ರಲ್ಲಿ. ಬೆಟ್ಟದ ಆರೋಗ್ಯ ಕೇಂದ್ರದಲ್ಲಿ ಜ್ವರದವರ ರಕ್ತ ತೆಗೆಯುವವರ ಬಳಿ ಇರುವುದು ಮಾತ್ರ ಒಂದು ಜೊತೆ ಕೈಗವಸು, ಸೂಜಿ ಹಾಕುವ ಗಟ್ಟಿ ಡಬ್ಬ, ಬ್ಲೀಚ್ ನೀರು ಮತ್ತು ಸೋಪು.