ನೀರಿಗೆ ಅಂಜಿದ ಹುಡುಗಿ ಸಿಡ್ನಿ ಮುಟ್ಟಿದ್ದು

ಕೊಣ್ಣೂರ, ಗೋಕಾಕ, ಧೂಪದಾಳದ ಕಡೆಯವರಿಗೆ ಈಸು ಎಂಬುದು ಯಾರೋ ಬಂದು ಕಲಿಸಿಕೊಡುವ ವಿದ್ಯೆಯಾಗಿರಲಿಲ್ಲ. ಬೆನ್ನಿಗೆ ಖಾಲಿ ಡಬ್ಬಿಯನ್ನೋ ಒಣಗಿದ ಸೋರೆ ಬುರುಡೆಯನ್ನೋ ಕಟ್ಟಿ ಹುಡುಗನನ್ನು ಬಾವಿಗೆ ಇಳಿಸುವುದು, ನಾಲ್ಕು ದಿನ ಕೈಕಾಲು ಬಡಿದ ಮೇಲೆ ಡಬ್ಬಿ ಬಿಚ್ಚುವುದು, ಪಾಠ ಅಷ್ಟೇ. ಅಲ್ಲಿಂದ ಮುಂದೆ ಘಟಪ್ರಭೆಯೇ ಗುರು. ಆದರೆ ಹೊಳೆಯಲ್ಲಿ ಈಸುವವನಿಗೂ ಸ್ಪರ್ಧೆಯ ಈಜುಗಾರನಿಗೂ ದೊಡ್ಡ ಅಂತರವಿದೆ. ಹೊಳೆಯಲ್ಲಿ ದಡ ಮುಟ್ಟಿದರೆ ಸಾಕು. ಕೊಳದಲ್ಲಿ ಸೆಕೆಂಡಿನ ನೂರರಲ್ಲೊಂದು ಭಾಗಕ್ಕೂ ಲೆಕ್ಕವಿದೆ. ಈ ಬಾವಿ ಪಾಠ ಹೆಚ್ಚಾಗಿ ಗಂಡುಮಕ್ಕಳಿಗೇ ಸಿಗುತ್ತಿತ್ತು, ಹೆಣ್ಣುಮಕ್ಕಳು ದಂಡೆಯಲ್ಲಿ ಬಟ್ಟೆ ಒಗೆಯುತ್ತ ನೋಡುತ್ತಿದ್ದರು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಆದ್ದರಿಂದಲೇ ಬೆಂಗಳೂರಿನ ನಿಶಾ ಮಿಲೆಟ್ ಅವರ ಕಥೆಯನ್ನು ಕೊಂಚ ನಿಧಾನವಾಗಿ ನೋಡಬೇಕೆನಿಸುತ್ತದೆ. 1982ರಲ್ಲಿ ಹುಟ್ಟಿದ ಈಕೆ ಐದನೆಯ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗಿ ಸಾಯುವುದರಿಂದ ಸ್ವಲ್ಪದರಲ್ಲೇ ಪಾರಾದವರು. ಅಂಥ ಘಟನೆಯಾದರೆ ನಮ್ಮ ಬಹುಪಾಲು ಮನೆಗಳಲ್ಲಿ ಮಗುವನ್ನು ಮತ್ತೆ ನೀರಿನ ಹತ್ತಿರ ಬಿಡುವುದಿಲ್ಲ. ನಿಶಾರ ತಂದೆ ಇದಕ್ಕೆ ವಿರುದ್ಧವಾದದ್ದನ್ನು ಮಾಡಿದರು. ಮಗಳು ಈಜು ಕಲಿಯಲೇಬೇಕೆಂದು ಹಟ ಹಿಡಿದರು. 1991ರಲ್ಲಿ ಚೆನ್ನೈನ ಶೆಣೈನಗರದ ಕ್ಲಬ್ಬಿನಲ್ಲಿ ಪಾಠ ಆರಂಭವಾಯಿತು. ಮರುವರ್ಷವೇ 50 ಮೀಟರ್ ಫ್ರೀಸ್ಟೈಲಿನಲ್ಲಿ ರಾಜ್ಯಮಟ್ಟದ ಪದಕ ಬಂತು. 1994ರಲ್ಲಿ, ಇನ್ನೂ ಸಬ್‌ಜೂನಿಯರ್ ವಯಸ್ಸಿನಲ್ಲಿರುವಾಗಲೇ, ಆಕೆ ರಾಷ್ಟ್ರೀಯ ಸೀನಿಯರ್ ಕೂಟದಲ್ಲಿ ಫ್ರೀಸ್ಟೈಲಿನ ಐದೂ ಚಿನ್ನ ಗೆದ್ದರು. ಅದೇ ವರ್ಷ ಹಾಂಗ್‌ಕಾಂಗಿನ ಏಷ್ಯನ್ ವಯೋವರ್ಗ ಕೂಟದಲ್ಲಿ ಮೊದಲ ಬಾರಿಗೆ ಭಾರತವನ್ನು ಪ್ರತಿನಿಧಿಸಿದರು. ಹನ್ನೆರಡು ವರ್ಷದ ಹುಡುಗಿ, ನೀರಿಗಿಳಿದು ಮೂರೇ ವರ್ಷ!

ಮುಂದೆ ಅವರ ಸಾಧನೆಯ ನೆಲೆ ಬೆಂಗಳೂರು. ಬಸವನಗುಡಿ ಮತ್ತು ಸದಾಶಿವನಗರದ ಕೊಳಗಳಲ್ಲಿ ಈ ನಗರ ದೇಶದ ಈಜಿನ ರಾಜಧಾನಿಯಾಗಿ ಬೆಳೆಯುತ್ತಿದ್ದ ಕಾಲವದು. ಇಲ್ಲಿನ ಇಬ್ಬರು ತರಬೇತುದಾರರಿಗೆ, ನಿಹಾರ್ ಅಮೀನ್ ಅವರಿಗೆ 2015ರಲ್ಲಿ ಹಾಗೂ ಎಸ್. ಪ್ರದೀಪ್ ಕುಮಾರ್ ಅವರಿಗೆ 2016ರಲ್ಲಿ, ದ್ರೋಣಾಚಾರ್ಯ ಪ್ರಶಸ್ತಿ ದೊರೆಯಿತೆಂಬುದು ಆ ಬೆಳವಣಿಗೆಗೆ ಸಾಕ್ಷಿ. 1999ರಲ್ಲಿ ಮಣಿಪುರದ ಇಂಫಾಲದಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ನಿಶಾ 14 ಚಿನ್ನದ ಪದಕ ಗೆದ್ದರು. ಒಂದೇ ಕೂಟದಲ್ಲಿ ಒಬ್ಬರೇ ಇಷ್ಟು ಚಿನ್ನ ಗೆದ್ದದ್ದು ಅದೇ ಮೊದಲು. ಅರ್ಜುನ ಪ್ರಶಸ್ತಿಯೂ ಅವರಿಗೆ ಸಂದಿತು.

ಪದಕಗಳ ಲೆಕ್ಕಕ್ಕಿಂತ ಮುಖ್ಯವೆಂದು ನನಗನಿಸುವುದು ಇನ್ನೊಂದು ಸಂಗತಿ. 100 ಮೀಟರ್ ಫ್ರೀಸ್ಟೈಲನ್ನು ಒಂದು ನಿಮಿಷದೊಳಗೆ ಮುಗಿಸಿದ ಮೊದಲ ಭಾರತೀಯ ಮಹಿಳೆ ನಿಶಾ. ಜಗತ್ತಿನಲ್ಲಿ ಈ ಗೆರೆಯನ್ನು ಮೊದಲು ದಾಟಿದ ಮಹಿಳೆ ಆಸ್ಟ್ರೇಲಿಯಾದ ಡಾನ್ ಫ್ರೇಸರ್. ಅವರು 1962ರಲ್ಲಿ ಮೆಲ್ಬರ್ನಿನಲ್ಲಿ 59.9 ಸೆಕೆಂಡುಗಳಲ್ಲಿ ಈಜಿದ್ದರು. ಅಂದರೆ ನಮ್ಮವರು ಅಲ್ಲಿಗೆ ತಲುಪಲು ಮತ್ತೆ ಮೂರು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು. ಹುಡುಗಿಯರಿಗೆ ಕೊಳವೇ ಸಿಗದ ದೇಶದಲ್ಲಿ ಇದರಲ್ಲಿ ಆಶ್ಚರ್ಯವೇನೂ ಇಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಡಾಲಿ ನಜೀರ್ ಮತ್ತು ಆರತಿ ಸಾಹಾ ಹೋಗಿದ್ದರು, ನಿಜ. ಆ ದಾರಿಯಲ್ಲಿ ಅನಂತರ ನಡೆದವರು ಬೆರಳೆಣಿಕೆಯಷ್ಟೇ.

2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ನಿಶಾ 200 ಮೀಟರ್ ಫ್ರೀಸ್ಟೈಲಿಗೆ ಇಳಿದರು. 50 ಮೀಟರಿನ ಕೊಳದಲ್ಲಿ ಇದು ನಾಲ್ಕು ಸಲ ಆಚೀಚೆ, ನಡುವೆ ಮೂರು ತಿರುವು. ಈಜಿನಲ್ಲಿ ಇಷ್ಟು ಕಾಡುವ ದೂರ ಮತ್ತೊಂದಿಲ್ಲವೆಂದು ಅನುಭವಿಗಳು ಹೇಳುತ್ತಾರೆ. ಮೊದಲಿಗೇ ಪೂರ್ತಿ ಬಲ ಹಾಕಿದರೆ ಮೂರನೆಯ ಸುತ್ತಿನಲ್ಲಿ ತೋಳು ಕಲ್ಲಾಗುತ್ತದೆ, ಉಳಿಸಿಕೊಂಡರೆ ಪಕ್ಕದವರು ಮುಂದೆ ಹೋಗಿರುತ್ತಾರೆ. ಆ ಸಲ ಆತಿಥೇಯ ದೇಶದ ಸೂಸಿ ಓನೀಲ್ 1 ನಿಮಿಷ 58.24 ಸೆಕೆಂಡುಗಳಲ್ಲಿ ಚಿನ್ನ ಗೆದ್ದರು. ನಿಶಾ ಹೀಟ್ಸ್ ಹಂತ ದಾಟಲಿಲ್ಲ. ಅದನ್ನು ಸೋಲೆಂದು ಕರೆಯುವುದು ಸುಲಭ. ಆದರೆ ಹೀಟ್ಸ್‌ನ ಆ ದಿಮ್ಮಿಯ ಮೇಲೆ ನಿಲ್ಲುವುದಕ್ಕೇ ಒಂಬತ್ತು ವರ್ಷ ಹಿಡಿದಿತ್ತು.

ಅನಂತರದ್ದು ಬೇರೆ ಬಗೆಯ ಹೋರಾಟ. 2002ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾಯಿತು. ಚೇತರಿಸಿಕೊಂಡು ಮತ್ತೆ ಕೊಳಕ್ಕಿಳಿದ ನಿಶಾ 2004ರ ಅಥೆನ್ಸ್ ಅರ್ಹತೆಯನ್ನು ಕೂದಲೆಳೆಯಷ್ಟು ಅಂತರದಲ್ಲಿ ಕಳೆದುಕೊಂಡರು. ಅಥೆನ್ಸಿಗೆ ಹೋದವರು ಬೆಂಗಳೂರಿನವರೇ ಆದ ಶಿಖಾ ಟಂಡನ್, ಅದೂ ಎರಡು ಸ್ಪರ್ಧೆಗಳಿಗೆ. ಅದೇ ವರ್ಷ ನಿಶಾ ಸ್ಪರ್ಧೆಗೆ ವಿದಾಯ ಹೇಳಿದರು. ವಯಸ್ಸು ಆಗಿನ್ನೂ 22. ಕಾರಣ ಬೆನ್ನು ಮಾತ್ರವಲ್ಲ, ಮನೆಯವರ ಹಣ ಮುಗಿದುಹೋಗಿತ್ತು. ಈಜುಗಾರರ ಮನೆಯ ಲೆಕ್ಕಪತ್ರ ಯಾವ ಪುಸ್ತಕದಲ್ಲೂ ಬರುವುದಿಲ್ಲ. ನಸುಕಿನಲ್ಲಿ ಎದ್ದು ಮಗಳನ್ನು ಕೊಳಕ್ಕೆ ಕರೆದೊಯ್ಯುವುದು, ತಿಂಗಳ ಶುಲ್ಕ, ಆಹಾರ, ಊರೂರಿನ ಕೂಟಗಳ ಪ್ರಯಾಣ, ಇವೆಲ್ಲದರ ಮೊತ್ತ ಒಂದು ಮಧ್ಯಮ ವರ್ಗದ ಸಂಸಾರದ ಉಳಿತಾಯವನ್ನು ನುಂಗಬಲ್ಲದು. ಕ್ರಿಕೆಟ್ಟಿನ ಹುಡುಗನಿಗೆ ಎಂದಾದರೂ ಹಣ ಹಿಂದಿರುಗೀತೆಂಬ ಆಸೆಯಾದರೂ ಇರುತ್ತದೆ. ಈಜಿನಲ್ಲಿ ಆ ಆಸೆಯೂ ಇಲ್ಲ.

ಬಳಿಕ ನಿಶಾ ಬೆಂಗಳೂರಿನಲ್ಲಿ ತಮ್ಮದೇ ಹೆಸರಿನ ಈಜು ಅಕಾಡೆಮಿ ಕಟ್ಟಿ ತರಬೇತುದಾರರಾದರು. ಸ್ಪರ್ಧಿ ಗುರುವಾಗುವುದು ಕೇಳಿದಷ್ಟು ಸರಳವಲ್ಲ. ತನ್ನ ಮೈಗೆ ತಾನಾಗಿ ಒಗ್ಗಿದ್ದನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳಬೇಕು. ಆದರೆ ನೀರನ್ನು ಕಂಡು ನಡುಗುವ ಮಗುವಿನ ಮನಸ್ಸು ಈಕೆಗೆ ಪುಸ್ತಕದಿಂದ ತಿಳಿದದ್ದಲ್ಲ, ಐದನೆಯ ವಯಸ್ಸಿನಲ್ಲೇ ಅನುಭವಿಸಿದ್ದು.

ಅವರು ಸಿಡ್ನಿಯಲ್ಲಿ ಈಜಿದ ಸ್ಪರ್ಧೆಗೆ, ಅಂದರೆ ಮಹಿಳೆಯರ 200 ಮೀಟರ್ ಫ್ರೀಸ್ಟೈಲಿಗೇ, 24 ವರ್ಷಗಳ ನಂತರ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಧಿನಿಧಿ ದೇಸಿಂಗು ಇಳಿದಳು. ಆಕೆಗಾಗ 14 ವರ್ಷ, ಇಡೀ ಭಾರತ ತಂಡದಲ್ಲೇ ಕಿರಿಯಳು. 2 ನಿಮಿಷ 6.96 ಸೆಕೆಂಡುಗಳಲ್ಲಿ ಈಜಿದ ಆಕೆಯೂ ಹೀಟ್ಸ್‌ನಿಂದ ಮುಂದೆ ಹೋಗಲಿಲ್ಲ.

ಇಂದಿನ ಕೊಳಗಳಲ್ಲಿ ಮೊದಲ ಪಾಠ ಕೈಕಾಲು ಬಡಿಯುವುದಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮುಖ ಮುಳುಗಿಸಿ ಗುಳುಗುಳು ಎಂದು ಉಸಿರು ಬಿಡುವುದು, ತಲೆಯೆತ್ತಿ ಉಸಿರೆಳೆಯುವುದು. ಅಂಜಿಕೆ ಬಿಡುವ ತನಕ ಮಕ್ಕಳು ಅದನ್ನೇ ಮಾಡುತ್ತಿರುತ್ತಾರೆ. ನಮ್ಮ ಬಾವಿಯ ಪಾಠದಲ್ಲಿ ಈ ಅಧ್ಯಾಯವೇ ಇರಲಿಲ್ಲ.