ಬೀಜಕ್ಕೆ ಬಿಟ್ಟ ಕಾಯಿ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಶಿವರಾತ್ರಿ ಕಳೆಯುತ್ತಲೇ ಚಳಿಯು ‘ಶಿವ ಶಿವ’ ಎನ್ನುತ್ತ ಹೊರಟುಹೋಗುತ್ತದೆಂಬುದು ನಮ್ಮ ಕಡೆಯ ಹಳೆಯ ಮಾತು. ಚಳಿ ಹೋಗಿ ಯುಗಾದಿ ಇನ್ನೂ ಬಾರದಿರುವ ಈ ಕೆಲವು ವಾರಗಳಲ್ಲಿ, ಬಾವಿಯ ಅನುಕೂಲವಿದ್ದ ಮನೆಗಳಲ್ಲಿ ಹಿತ್ತಿಲಿನ ಕೆಲಸ ಆರಂಭವಾಗುತ್ತಿತ್ತು. ನೆಲವನ್ನು ಅಗೆದು, ಹಳೆಯ ಗೊಬ್ಬರವನ್ನು ಬೆರೆಸಿ, ಪಾತಿ ಕಟ್ಟಿ, ಸೋರೆ, ಹೀರೆ, ಪಡವಲ, ಸೌತೆ, ಬೆಂಡೆಗಳ ಬೀಜವನ್ನು ಊರುತ್ತಿದ್ದರು. ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ ನಾನೂ ಮನೆಯ ಹಿಂದಿರುವ ಹತ್ತಡಿ ಅಗಲದ ನೆಲದಲ್ಲಿ ಈ ಕೆಲಸಕ್ಕೆ ಕೈಹಾಕಿದ್ದೇನೆ. ಆದರೆ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಗುದ್ದಲಿ ಹಿಡಿದಾಗಲೂ ಶಬ್ದಗಳ ಚಪಲ ಬಿಡುವುದಿಲ್ಲ. ಆದಕಾರಣ ನಮ್ಮ ಹಿತ್ತಿಲಿನ ಚರಿತ್ರೆಯನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ಹಿತ್ತಿಲು ಹಳಗನ್ನಡದಲ್ಲಿ ‘ಪಿತ್ತಿಲ್’ ಆಗಿತ್ತು. ಮನೆಯ ಹಿಂಭಾಗವೆಂಬುದು ಅದರ ಅರ್ಥ. ರಾಜೋದ್ಯಾನಗಳನ್ನು ವರ್ಣಿಸಿ ನಮ್ಮ ಕವಿಗಳಿಗೆ ತಣಿವೇ ಇಲ್ಲ. ಹಿತ್ತಿಲಿಗೆ ಆ ಭಾಗ್ಯ ಒದಗಲಿಲ್ಲ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯಲ್ಲಿಯೂ ಅದಕ್ಕೆ ದೊರೆತದ್ದು ಉಪೇಕ್ಷೆಯ ಸ್ಥಾನವೇ. ಹಾಗೆಂದು ಸಾಕ್ಷ್ಯಗಳು ಇಲ್ಲವೆಂದಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ನೆಲದಡಿಯ ನೀರನ್ನು ಅರಿಯುವ ವಿದ್ಯೆ ಮತ್ತು ಅಡುಗೆಯ ಶಾಸ್ತ್ರಗಳ ಜೊತೆಗೆ ವೃಕ್ಷಾಯುರ್ವೇದಕ್ಕೂ ಒಂದು ಅಧ್ಯಾಯ ಮೀಸಲಾಗಿದೆ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಅಲ್ಲಿನ ಮನೆಗಳ ತೋಟಗಳನ್ನೂ ಅವುಗಳ ನಡುವೆ ಹರಿಯುವ ನೀರಿನ ಕಾಲುವೆಗಳನ್ನೂ ಮರೆಯದೆ ಬರೆದಿಟ್ಟಿದ್ದಾನೆ.

ಆ ಕಾಲದ ಹಿತ್ತಿಲಿನಲ್ಲಿ ಏನೇನಿತ್ತು ಎಂಬುದಕ್ಕಿಂತ ಏನಿರಲಿಲ್ಲ ಎಂಬುದೇ ಹೆಚ್ಚು ಸ್ವಾರಸ್ಯಕರವಾದದ್ದು. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಬರೆದ ‘ಸೂಪಶಾಸ್ತ್ರ’ದಲ್ಲಿ ಬದನೆ, ಬಾಳೆ, ಹಲಸು, ಕಳಲೆಗಳ ಬಗೆಬಗೆಯ ಪಾಕಗಳುಂಟು, ಮೆಣಸಿನಕಾಯಿಲ್ಲ, ಆಲೂಗೆಡ್ಡೆಯಿಲ್ಲ, ಟೊಮೇಟೊ ಇಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಅವೆಲ್ಲ ಅಮೆರಿಕ ಖಂಡದ ಗಿಡಗಳು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ; ಆ ಖಂಡದ ಸಸ್ಯಗಳು ಅವರ ಹಡಗುಗಳಿಂದ ಇಳಿದು ಒಳನಾಡಿಗೆ ನಡೆದುಬಂದದ್ದು ಅನಂತರದ ಕಥೆ.

ಈ ಅತಿಥಿಗಳನ್ನು ನಮ್ಮವರು ಬರಮಾಡಿಕೊಂಡ ಬಗೆ ಹೆಸರುಗಳಲ್ಲಿಯೇ ಉಳಿದಿದೆ. ಖಾರಕ್ಕೆ ಅದುವರೆಗೆ ನಮಗಿದ್ದದ್ದು ಬಳ್ಳಿಯ ಮೆಣಸು. ಹೊಸದಾಗಿ ಬಂದ ಖಾರದ ಕಾಯಿಗೂ ಆ ಹೆಸರಿನಲ್ಲಿಯೇ ಪಾಲು ಕೊಟ್ಟು ಮೆಣಸಿನಕಾಯಿ ಎಂದರು. ಫರಂಗಿಯವರ ಹಣ್ಣು ಪರಂಗಿಹಣ್ಣಾಯಿತು. ಕರಾವಳಿಯ ಬಟಾಟೆ, ಉತ್ತರ ಕರ್ನಾಟಕದ ಪೇರಲ, ಇವೆರಡರಲ್ಲಿಯೂ ಪೋರ್ಚುಗೀಸ್ ನುಡಿಯ ಸದ್ದು ಇನ್ನೂ ಕೇಳಿಸುತ್ತದೆ. ಅಮೆರಿಕದಿಂದಲೇ ಬಂದ ಇನ್ನೊಂದು ಹಣ್ಣಂತೂ ಸೀತಾಫಲವೆಂಬ ಹೆಸರನ್ನು ಪಡೆದು, ವನವಾಸದ ಕಾಲದಿಂದಲೂ ಇಲ್ಲಿಯೇ ಇತ್ತೆಂಬಂತೆ ನಿಂತುಬಿಟ್ಟಿತು. ನಾವು ಹಬ್ಬಕ್ಕೆ ಬಾಗಿಲಿಗೆ ಕಟ್ಟುವ ಚೆಂಡುಹೂವಿನ ತೌರು ಮೆಕ್ಸಿಕೊ. ಅದನ್ನು ಕಟ್ಟುವಾಗ ಪರದೇಶದ ನೆನಪು ಯಾರಿಗಾಗುತ್ತದೆ?

ಪರಕೀಯವಾದದ್ದು ಹೀಗೆ ನಮ್ಮದಾದದ್ದು ಹೇಗೆ? ಹೆಸರಿಟ್ಟ ಮಾತ್ರಕ್ಕೆ ಆಗುವ ಕೆಲಸವಲ್ಲ ಅದು. ಮೆಣಸಿನಕಾಯನ್ನೇ ನೋಡಿ. ಖಾರ ಕಡಿಮೆ, ಬಣ್ಣ ಗಾಢ, ಮೈಯೆಲ್ಲ ಸುಕ್ಕು. ಈ ಗುಣಗಳ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಈ ನೆಲದ್ದೇ ಬೆಳೆಯೆಂಬ ಭೌಗೋಳಿಕ ಮಾನ್ಯತೆ ಸಂದಿತು. ಹಡಗಿನಿಂದ ಇಳಿದ ಗಿಡವೊಂದು ಹಾವೇರಿ ಸೀಮೆಯ ಊರಿನ ಹೆಸರಿಗೆ ಅರ್ಹವಾಗಬೇಕಾದರೆ, ನಡುವಿನ ತಲೆಮಾರುಗಳಲ್ಲಿ ವರ್ಷ ವರ್ಷವೂ ಯಾರೋ ಒಳ್ಳೆಯ ಕಾಯನ್ನು ಆರಿಸಿ ಬೀಜಕ್ಕೆಂದು ತೆಗೆದಿಟ್ಟಿರಬೇಕು. ಆ ‘ಯಾರೋ’ಗಳ ಹೆಸರನ್ನು ಯಾವ ಶಾಸನವೂ ಹೇಳುವುದಿಲ್ಲ. ನಾನು ಕಂಡ ಮಟ್ಟಿಗೆ ಅವರಲ್ಲಿ ಹೆಚ್ಚಿನವರು ಹೆಂಗಸರು.

ಆ ಕೆಲಸವನ್ನು ನಾನು ಕಣ್ಣಾರೆ ಕಂಡವನು. ತುಮಕೂರು ಸೀಮೆಯ ನಮ್ಮ ಮನೆಯಲ್ಲಿ ತಾಯಿಯವರು ಹೀರೆಯ ಚಪ್ಪರದಲ್ಲಿ ಒಂದು ಕಾಯಿಗೆ ಬಟ್ಟೆಯ ಚೂರು ಕಟ್ಟಿದರೆಂದರೆ ಅದಕ್ಕೆ ಯಾರೂ ಕೈಹಚ್ಚುವಂತಿರಲಿಲ್ಲ. ಅದು ಬಳ್ಳಿಯಲ್ಲೇ ಒಣಗಿ ಗಲಗಲ ಎನ್ನಬೇಕು. ಆಮೇಲೆ ಬೀಜವನ್ನು ಬೂದಿಯಲ್ಲಿ ಬೆರೆಸಿ ಸೋರೆಬುರುಡೆಯಲ್ಲಿ ತುಂಬಿ, ಒಲೆಯ ಹೊಗೆ ತಾಗುವಂತೆ ಮೇಲೆ ತೂಗುಹಾಕುತ್ತಿದ್ದರು. ಬೂದಿ, ಹೊಗೆಗಳಿಂದ ಹುಳುವಿನ ಕಾಟ ತಪ್ಪುತ್ತಿತ್ತು. ಶಿವರಾತ್ರಿ ಕಳೆದ ಮೇಲೆ ಬುರುಡೆ ಕೆಳಗಿಳಿಯುತ್ತಿತ್ತು.

ಪಟ್ಟಣದ ಹಿತ್ತಿಲಿನ ಚರಿತ್ರೆ ಸ್ವಲ್ಪ ಬೇರೆ. ಬೆಂಗಳೂರಿನಲ್ಲಿ ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗನ್ನು, ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಅಂದರೆ 1800ರಲ್ಲಿ ಕಂಡ ಬುಕಾನನನು, ಒಂದೊಂದು ಚೌಕಕ್ಕೆ ಒಂದೊಂದೇ ಜಾತಿಯ ಗಿಡವೆಂಬ ಅಲ್ಲಿನ ಕ್ರಮವನ್ನು ವಿವರಿಸಿದ್ದಾನೆ. 1874ರಿಂದ 1908ರವರೆಗೆ ಆ ತೋಟವನ್ನು ನೋಡಿಕೊಂಡ ಜಾನ್ ಕ್ಯಾಮರನ್ನರು ಹೊರನಾಡಿನ ಅನೇಕ ಸಸ್ಯಗಳನ್ನು ಇಲ್ಲಿಗೆ ತಂದರು. ಸೀಮೆಬದನೆಯನ್ನು ನಮಗೆ ಪರಿಚಯಿಸಿದವರೂ ಅವರೇ ಎನ್ನುತ್ತಾರೆ. ನಾವು ಅದನ್ನು ಸೀಮೆಯದೆಂದರೆ ನೆರೆಯ ತಮಿಳರು ಬೆಂಗಳೂರು ಬದನೆ ಎಂದು ಕರೆದರು. ಈ ಕಾಯಿಯ ಬೀಜವನ್ನು ಬಿಡಿಸಿ ಒಣಗಿಸಿಡಲು ಬರುವುದಿಲ್ಲ. ಇಡೀ ಕಾಯಿಯೇ ಮೊಳೆತು ನೆಲಕ್ಕಿಳಿಯಬೇಕು. ಆದ್ದರಿಂದ ಒಂದು ಹಿತ್ತಿಲಿನಿಂದ ಇನ್ನೊಂದು ಹಿತ್ತಿಲಿಗೆ ಅದು ಕೈಯಿಂದ ಕೈಗೇ ದಾಟಬೇಕಾಯಿತು. 1898ರ ಪ್ಲೇಗಿನ ಅನಂತರ ಜನ ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳಿಗೆ ನಡೆದಾಗ, ಮನೆಯ ಸುತ್ತ ಗಾಳಿ ಬೆಳಕುಗಳಿಗೆಂದು ಬಿಟ್ಟ ನೆಲದಲ್ಲಿ ಹಿತ್ತಿಲೂ ನೆಲೆಯೂರಿತು. ಮುಂದೆ ನಿವೇಶನಗಳು ಕಿರಿದಾದಂತೆ ಅದು ಕುಂಡಕ್ಕಿಳಿದು ತಾರಸಿಗೆ ಏರಿತು.

ಇದಕ್ಕಾಗಿ ನಾನು ಕೊರಗುವುದಿಲ್ಲ. ಗಿಡ ಕುಂಡದಲ್ಲಿಯೂ ಬೆಳೆದೀತು. ಕೊರಗುವಂತಾದದ್ದು ಬೇರೊಂದಕ್ಕೆ. 1970ರ ದಶಕದಿಂದೀಚೆಗೆ ತರಕಾರಿಯ ಸಂಕರ ಬೀಜಗಳು ನಮ್ಮ ಪೇಟೆಗಳಲ್ಲಿ ಹರಡಿದವು. ಇಳುವರಿ ಹೆಚ್ಚಿತು; ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಗಿಡದ ಕಾಯಿಂದ ತೆಗೆದ ಬೀಜವನ್ನು ಮರುವರ್ಷ ಬಿತ್ತಿದರೆ ತಾಯಿಯ ಗುಣ ಹಾಗೆಯೇ ಬರುವುದಿಲ್ಲ, ಸಸಿಗಳು ನಾನಾ ತೆರನಾಗುತ್ತವೆ. ಪ್ರತಿ ವಸಂತದಲ್ಲಿಯೂ ಅಂಗಡಿಗೇ ಹೋಗಬೇಕು. ಬೀಜಕ್ಕೆ ಕಾಯಿ ಬಿಡುವ ಅಭ್ಯಾಸ ಹೀಗೆ ಸದ್ದಿಲ್ಲದೆ ಸಡಿಲವಾಯಿತು.

ಈ ಮಾತಿನಲ್ಲಿ ಇತರರನ್ನು ದೂರುವ ಹಕ್ಕು ನನಗಿಲ್ಲ. 2004ರಲ್ಲಿ ತಾಯಿಯವರು ತೀರಿಕೊಂಡ ಮೇಲೆ ಊರಿನ ಮನೆಯನ್ನು ಖಾಲಿ ಮಾಡಿಸಿದವನು ನಾನೇ. ತಾಳೆಗರಿಯ ತುಂಡುಗಳೇನಾದರೂ ಸಿಕ್ಕಾವೇ ಎಂದು ಅಟ್ಟವನ್ನೆಲ್ಲ ಹುಡುಕಿದೆ. ಮಸಿ ಹಿಡಿದ ಸೋರೆಬುರುಡೆಯನ್ನು ಮಾತ್ರ ಹಳೆಯ ಸಾಮಾನಿನೊಡನೆ ತಿಪ್ಪೆಗೆ ಹಾಕಿಸಿದೆ. ತರಗತಿಯಲ್ಲಿ ‘ಲೋಕೋಪಕಾರ’ದ ವೃಕ್ಷಾಯುರ್ವೇದವನ್ನು ವಿವರಿಸುತ್ತಿದ್ದ ನನಗೆ, ಮನೆಯ ವೃಕ್ಷಾಯುರ್ವೇದ ಆ ಬುರುಡೆಯೊಳಗಿದೆಯೆಂದು ಹೊಳೆಯಲೇ ಇಲ್ಲ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯ ನಿಜವಾದ ಅರ್ಥ ನನಗಾದದ್ದು ಬಹಳ ತಡವಾಗಿ.

ಈ ವರ್ಷ ಪಾತಿ ಸಿದ್ಧವಾದ ಮೇಲೆ ಅಕ್ಕನ ಊರಿಗೆ ಹೋಗಿ ಕೇಳಿದೆ. ಮದುವೆಯಾಗಿ ಹೊರಟಾಗ ತಾಯಿಯವರು ಅವಳ ಮಡಿಲಿಗೆ ಬೀಜದ ಗಂಟೊಂದನ್ನೂ ಹಾಕಿದ್ದರಂತೆ. ಅದರಲ್ಲಿ ಸೋರೆ ಉಳಿದಿತ್ತು, ಚಪ್ಪರದವರೆ ಉಳಿದಿತ್ತು. ಹೀರೆ ಯಾವುದೋ ಬರದ ವರ್ಷದಲ್ಲಿ ಅವಳ ಕೈಯನ್ನೂ ತಪ್ಪಿಹೋಗಿತ್ತು. ಆ ಹೀರೆ ಇನ್ನು ಬರಲಾರದು.

ಅವರೆಯನ್ನು ಮಳೆಗಾಲಕ್ಕೆಂದು ಎತ್ತಿಟ್ಟು, ಸೋರೆಯ ಆರು ಬೀಜಗಳನ್ನು ಊರಿದೆ. ನಾಲ್ಕು ಮೊಳೆತಿವೆ. ಬೀಜ ಕೊಡುವಾಗ ಅಕ್ಕ ಹೇಳಿದ ಮಾತು ಇಷ್ಟೆ: “ಚೆನ್ನಾಗಿರೋ ಕಾಯನ್ನ ಬೀಜಕ್ಕೆ ಬಿಡು ಕಣೋ, ಉಳಿದದ್ದು ತಿನ್ನು.” ನಾವಾದರೋ ಚೆನ್ನಾಗಿರುವುದನ್ನು ತಿಂದು, ಉಳಿದದ್ದನ್ನು ಮುಂದಿನವರಿಗೆ ಬಿಡುವುದನ್ನೇ ರೂಢಿ ಮಾಡಿಕೊಂಡಿದ್ದೇವೆ. ಬಳ್ಳಿ ಚಪ್ಪರಕ್ಕೆ ಹಬ್ಬಿದ ಮೇಲೆ ಕಟ್ಟುವುದಕ್ಕೆಂದು ಬಟ್ಟೆಯ ಚೂರೊಂದನ್ನು ಈಗಲೇ ತೆಗೆದಿರಿಸಿದ್ದೇನೆ.